ಚಿಪ್ಪು ಕೂರಿಸಿದ ಕಪ್ಪು ಬೀರು

ಕೊರಿಯಾದ ಬುಸಾನ್‌ನಲ್ಲಿ ನಮ್ಮ ಮನೆಯೊಡತಿಯ ಕೋಣೆಯಲ್ಲಿ ಗೋಡೆಯಗಲದ ಕಪ್ಪು ಬೀರು ಇದೆ. ಮೈತುಂಬ ಅಬಲೋನಿ ಎಂಬ ಕಡಲ ಮೃದ್ವಂಗಿಯ ಚಿಪ್ಪಿನ ಕೊಕ್ಕರೆ, ಜಿಂಕೆ, ಪೈನ್ ಮರ. ಬಾಗಿಲು ತೆರೆಯುತ್ತಿದ್ದಂತೆ ಕೊಕ್ಕರೆಯ ರೆಕ್ಕೆ ಹಸಿರಿನಿಂದ ನೇರಳೆಗೆ ತಿರುಗುತ್ತದೆ. 1970ರ ದಶಕದಲ್ಲಿ ಮದುಮಗಳ ಜೊತೆ ಬರುತ್ತಿದ್ದ ಇಂಥ ಬೀರುಗಳನ್ನು ಈಗ ಜಾಗವಿಲ್ಲವೆಂದು ಬೀದಿಗಿಡುತ್ತಾರೆ. ಕಂಡರೆ ಕರುಳು ಚುರುಕ್ಕೆನ್ನುತ್ತದೆ.

ಈ ಕಸುಬಿಗೆ ಹೆಸರಾದ ಊರು ತೊಂಗ್ಯೊಂಗ್. ಅಲ್ಲಿನ ಕುಶಲಕರ್ಮಿಗಳು ಚಿಪ್ಪನ್ನು ದಾರದಂಥ ಪಟ್ಟಿಗಳಾಗಿ ಕೊಯ್ದು, ಚಾಕುವಿನ ತುದಿಯಿಂದ ತುಂಡರಿಸುತ್ತ ಒಂದೊಂದೇ ಚೂರನ್ನು ಅಂಟಿಸುತ್ತಾರೆ. ಹೂಬಳ್ಳಿಯಾದರೆ ಸಣ್ಣ ಗರಗಸದಿಂದ ಕತ್ತರಿಸಬೇಕು. ಬಳಿಕ ಚಿಪ್ಪೂ ಮುಚ್ಚಿಹೋಗುವಂತೆ ಅರಗು ಬಳಿದು, ಅದು ಮತ್ತೆ ಕಾಣುವವರೆಗೆ ಉಜ್ಜುತ್ತಾರೆ. ಈ ಅರಗು ಒಂದು ಮರದ ರಸ. ಗಟ್ಟಿಯಾಗಲು ಬಿಸಿಲಲ್ಲ, ತೇವದ ಬೆಚ್ಚನೆಯ ಗಾಳಿ ಬೇಕು. 1123ರಲ್ಲಿ ಆಗಿನ ಕೊರಿಯಾವಾದ ಗೊರ್ಯೊ ರಾಜ್ಯಕ್ಕೆ ಬಂದ ಚೀನೀ ರಾಯಭಾರ ತಂಡದ ಶೂ ಜಿಂಗ್, ಇಲ್ಲಿನ ಚಿಪ್ಪಿನ ಕೆಲಸದ ನಾಜೂಕನ್ನು ಮೆಚ್ಚಿ ಬರೆದಿದ್ದಾನೆ.

ಹಸಿ ರಸ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ. ಮಂಗಳೂರಿನವಳಾದ ನನಗೆ ಇದು ಹೊಸದಲ್ಲ. ಆ ಮರವೂ ನಮ್ಮ ಗೇರಿನ ಕುಟುಂಬದ್ದೇ. ದುಬಾರಿ ಅರಗಿನ ಬದಲು ಗೇರುಸಿಪ್ಪೆಯ ಎಣ್ಣೆಯಿಂದ ತಯಾರಾದ ಬಣ್ಣವನ್ನೇ ಬಳಿದ ಬೀರುಗಳೂ ಕೊರಿಯಾದಲ್ಲಿ ಬೇಕಾದಷ್ಟಿವೆ. ಅವುಗಳನ್ನೂ ಕೀಳೆನ್ನಲು ನನಗೆ ಮನಸ್ಸಾಗದು, ಚಿಪ್ಪು ಕೂರಿಸಿದ್ದು ಅಲ್ಲಿಯೂ ಕೈಗಳೇ.