ಹೈಬ್ರಿಡ್ ಟೊಮ್ಯಾಟೊ ಮತ್ತು ಅದರ ತಂದೆತಾಯಿಗಳ ಪ್ರೊಟೀನ್ ಲೆಕ್ಕ

ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ನಾನು ಮಾಡುವ ಕೆಲಸವನ್ನು ಊರಿನವರಿಗೆ ವಿವರಿಸಲು ರಾಣೆಬೆನ್ನೂರಿನಿಂದ ಆರಂಭಿಸುವುದೇ ಸುಲಭ. ಅಲ್ಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಟೊಮ್ಯಾಟೊ ಮೊಗ್ಗು ಅರಳುವ ಮುನ್ನವೇ ಚಿಮಟದಿಂದ ಅದರ ಗಂಡುಭಾಗವನ್ನು ತೆಗೆದು, ಬಳಿಕ ಬೇರೊಂದು ತಳಿಯ ಪರಾಗವನ್ನು ಮುಟ್ಟಿಸಿ ಹೈಬ್ರಿಡ್ ಬೀಜ ಕಟ್ಟಿಸುತ್ತಾರೆ. ಅಂಥ ಬೀಜದ ಗಿಡ ತಂದೆತಾಯಿಗಳಿಗಿಂತ ಹುಲುಸಾಗಿ ಬೆಳೆಯುವಾಗ ಅದರ ಎಲೆಯೊಳಗಿನ ಪ್ರೊಟೀನ್‌ಗಳಲ್ಲಿ ಏನು ಬದಲಾಗಿರುತ್ತದೆ ಎಂದು ಹುಡುಕುವುದು ನನ್ನ ಕೆಲಸ.

ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಗಾಜಿನ ಮನೆಯ ಗಿಡಗಳು ದೀಪದ ಬೆಳಕಿನಲ್ಲೇ ಬೆಳೆಯುತ್ತವೆ. ತಾಯಿ, ತಂದೆ, ಹೈಬ್ರಿಡ್ ಮೂರರಿಂದಲೂ ಒಂದೇ ಹೊತ್ತಿನಲ್ಲಿ ಎಲೆ ಕಿತ್ತು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಪುಡಿ ಮಾಡುತ್ತೇವೆ. ಆ ಪುಡಿಯಿಂದ ಬೇರ್ಪಡಿಸಿದ ಪ್ರೊಟೀನ್‌ಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತೇವೆ. ಎಲೆಯ ಪ್ರೊಟೀನ್‌ನಲ್ಲಿ, ದ್ಯುತಿಸಂಶ್ಲೇಷಣೆಯ ಕಿಣ್ವವಾದ ರುಬಿಸ್ಕೋ ಒಂದರದ್ದೇ ದೊಡ್ಡ ಪಾಲಾದ್ದರಿಂದ, ಅಲ್ಪ ಪ್ರಮಾಣದಲ್ಲಿರುವ ನಿಯಂತ್ರಕ ಪ್ರೊಟೀನ್‌ಗಳು ಅದರ ಗದ್ದಲದಲ್ಲಿ ಅಡಗಿಹೋಗುತ್ತವೆ.

ಹೋಲಿಕೆಯ ಸೂತ್ರ ಸರಳ. ಒಂದು ಪ್ರೊಟೀನ್ ತಾಯಿಯಲ್ಲಿ 10, ತಂದೆಯಲ್ಲಿ 6 ಇದ್ದರೆ ಹೈಬ್ರಿಡ್‌ನಲ್ಲಿ 8 ಇರಬೇಕೆಂದು ನಿರೀಕ್ಷಿಸುತ್ತೇವೆ, ಅದರಿಂದ ಸ್ಪಷ್ಟವಾಗಿ ದೂರ ಸರಿದದ್ದನ್ನು ಗುರುತಿಸಿಕೊಳ್ಳುತ್ತೇವೆ. ತೊಡಕಿರುವುದು ಬೇರೆಡೆ. ಹೈಬ್ರಿಡ್ ಬೇಗ ಬೆಳೆಯುವುದರಿಂದ, ಬಿತ್ತಿದ ದಿನ ಒಂದೇ ಆದರೂ ಎಲೆಯ ಪ್ರಾಯ ಒಂದೇ ಆಗಿರುವುದಿಲ್ಲ. ಆಗ ನಾವು ಅಳೆದದ್ದು ಸಂಕರದ ಪರಿಣಾಮವೋ ಎಲೆಯ ಪ್ರಾಯವೋ ಎಂಬ ಸಂಶಯ ಉಳಿಯುತ್ತದೆ. ಇನ್ನೊಂದು ತೊಡಕು ಕಂಪ್ಯೂಟರಿನೊಳಗಿನದು. ಅಳೆದ ತುಣುಕು ಯಾವ ಪ್ರೊಟೀನ್‌ನದೆಂದು ತಿಳಿಯಲು ಅದನ್ನು ಜೀನೋಮ್‌ನಿಂದ, ಅಂದರೆ ಗಿಡದ ಪೂರ್ತಿ ಡಿಎನ್ಎ ಅನುಕ್ರಮದಿಂದ, ಊಹಿಸಿದ ಪ್ರೊಟೀನ್‌ಗಳೊಂದಿಗೆ ಹೋಲಿಸುತ್ತೇವೆ. 2012ರಲ್ಲಿ ಪ್ರಕಟವಾದ ಟೊಮ್ಯಾಟೊ ಜೀನೋಮ್ ಹೈಂಜ್ 1706 ಎಂಬ ಒಂದೇ ತಳಿಯದು. ಅದನ್ನಷ್ಟೇ ನಂಬಿ ಹುಡುಕಿದರೆ, ಒಂದು ಅಮೈನೋ ಆಮ್ಲ ಬೇರೆಯಾಗಿರುವ ತುಣುಕುಗಳನ್ನು ಯಂತ್ರ ಗುರುತಿಸುವುದೇ ಇಲ್ಲ, ಇರುವ ಪ್ರೊಟೀನ್ ಕಡಿಮೆಯಾದಂತೆ ಕಾಣುತ್ತದೆ. ತಂದೆತಾಯಿ ಇಬ್ಬರ ಅನುಕ್ರಮವೂ ಕೈಯಲ್ಲಿದ್ದರೆ ಅದೇ ತುಣುಕು ಯಾರ ಕಡೆಯಿಂದ ಬಂದದ್ದೆಂದು ಹೇಳಿಬಿಡಬಹುದು. ನನಗೆ ಈ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಭಾಗವೂ ಇದೇ.

ಇಷ್ಟೆಲ್ಲ ಮಾಡಿದರೂ ಸರಾಸರಿಯಿಂದ ದೂರ ಸರಿದ ಪ್ರೊಟೀನ್‌ಗಳಲ್ಲೇ ಇಳುವರಿಯ ಕಾರಣ ಅಡಗಿದೆ ಎಂದು ನಾನು ಒಪ್ಪುವುದಿಲ್ಲ. 2010ರಲ್ಲಿ ವಿಜ್ಞಾನಿಗಳಾದ ಕ್ರೀಗರ್, ಲಿಪ್‌ಮನ್ ಮತ್ತು ಜಮೀರ್ ಟೊಮ್ಯಾಟೊ ಕುರಿತು ಪ್ರಕಟಿಸಿದ ಅಧ್ಯಯನವೇ ಇದಕ್ಕೆ ಸಾಕ್ಷಿ. ಹೂಬಿಡುವ ಸೂಚನೆ ಕೊಡುವ ಫ್ಲೋರಿಜೆನ್ ಪ್ರೊಟೀನ್‌ನ ಜೀನ್, ಅಂದರೆ ಎಸ್ಎಫ್‌ಟಿ, ಎರಡೂ ಪ್ರತಿಗಳಲ್ಲಿ ಕೆಟ್ಟರೆ ಗಿಡ ತಡವಾಗಿ, ಬೆರಳೆಣಿಕೆಯ ಹೂ ಬಿಡುತ್ತದೆ. ಎಂ82 ತಳಿಯಲ್ಲಿ ಒಂದೇ ಪ್ರತಿ ಕೆಟ್ಟಾಗ ಮಾತ್ರ ಇಳುವರಿ ಶೇ. 60ರವರೆಗೆ ಏರಿತು. ಆ ಜೀನ್‌ನ ಪ್ರಮಾಣ ಹೈಬ್ರಿಡ್‌ನಲ್ಲಿ ತಂದೆತಾಯಿಗಳ ನಡುವೆ ಇದೆ, ಇಳುವರಿ ಮಾತ್ರ ಇಬ್ಬರನ್ನೂ ಮೀರಿದೆ. ನಮ್ಮ ಸೂತ್ರದ ಪ್ರಕಾರ ಇಂಥದ್ದು ‘ವಿಶೇಷವಿಲ್ಲ’ ಎಂಬ ಪಟ್ಟಿಗೆ ಹೋಗುತ್ತಿತ್ತು. ಆದ್ದರಿಂದ ಆ ಪಟ್ಟಿಯನ್ನು, ಅದರಲ್ಲೂ ಹೂವು ಮತ್ತು ಬೆಳವಣಿಗೆಗೆ ಸಂಬಂಧಿಸಿದ ಪ್ರೊಟೀನ್‌ಗಳನ್ನು, ನಾನು ಮೊದಲು ಓದುತ್ತೇನೆ.