ಬಲ, ಎಡ, ಹಾರು

ಕಳೆದ ಶನಿವಾರ ಅಮೆರಿಕದ ನಮ್ಮ ಮನೆ ಮುಂದೆ ಮಗನಿಗೆ ಬಾಸ್ಕೆಟ್‌ಬಾಲ್‌ನ ಲೇಅಪ್ ಹೇಳಿಕೊಡುತ್ತಿದ್ದೆ. ಎರಡು ಹೆಜ್ಜೆ ಹಾಕಿ, ಹಾರಿ, ಹತ್ತಿರದಿಂದ ಚೆಂಡನ್ನು ಬುಟ್ಟಿಗೆ ಹಾಕೋದು. "ಬಲ, ಎಡ, ಹಾರು" ಅಂದೆ. ಅವನು ಚೆಂಡು ಹಿಡಿದು ನಿಂತುಬಿಟ್ಟ. "ನಮ್ಮ ಕೋಚ್ ಹೇಳೋದೂ ಇದೇ ಅಪ್ಪಾ. ಕಾರವಾರದಲ್ಲೂ ನಿಜವಾದ ಕೋಚ್ ಇದ್ರಾ?"

ಒಂಬತ್ತು ವರ್ಷದ ಹುಡುಗ, ಬೇಕಂತ ಹೇಳಿದ್ದಲ್ಲ. ಆದರೂ ಆ "ನಿಜವಾದ" ಅನ್ನೋ ಮಾತು ಚುಚ್ಚಿತು.

ಅವನ ಕೋಚ್ ಮೇಲೆ ನನಗೆ ತುಂಬಾ ಗೌರವ. ಎಪ್ಪತ್ತರ ಹತ್ತಿರದ ಹೆಂಗಸು. ನಲವತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದಾರೆ. ಮೊದಲ ದಿನ ಚೆಂಡನ್ನೇ ಮುಟ್ಟಿಸಲಿಲ್ಲ. ನೆಲಕ್ಕೆ ಕೂತು ಒಬ್ಬೊಬ್ಬರ ಕಾಲುಚೀಲದ ಸುಕ್ಕು ತೀಡಿದರು. ಕಿರುಬೆರಳ ಹತ್ತಿರ ಒಂದು ಮಡಿಕೆ ಉಳಿದರೂ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಆಟ ನಿಂತಿತು. ಇಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 12 ವರ್ಷದಲ್ಲಿ 10 ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಜಾನ್ ವುಡನ್ ಕೂಡ ಶುರು ಮಾಡುತ್ತಿದ್ದುದು ಕಾಲುಚೀಲದಿಂದಲೇ. ಮಗನ ಕೋಚ್ ಶೂಟಿಂಗ್ ಕಲಿಸುವಾಗ ರಿಂಗ್‌ನಿಂದ ಮೂರೇ ಅಡಿ ದೂರ, ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ದಿನಕ್ಕೆ ಒಂದೇ ತಪ್ಪು ತಿದ್ದುತ್ತಾರೆ. ಉಳಿದದ್ದು ಕಂಡರೂ ಸುಮ್ನಿರುತ್ತಾರೆ. ಹೊಸ ಕೋಚ್‌ಗಳಿಗೆ ಇದು ಕಷ್ಟ, ಎಲ್ಲವನ್ನೂ ಇವತ್ತೇ ತಿದ್ದಲು ಹೋಗುತ್ತಾರೆ.

ಕಾರವಾರದಲ್ಲಿ ನಾನು ಓದಿದ ಶಾಲೆಯ ಪಿ.ಟಿ. ಮಾಸ್ತರೂ ಹೀಗೇ ಇದ್ದರು. ವಾಲಿಬಾಲ್, ಕಬಡ್ಡಿ, ಓಟ ಎಲ್ಲಕ್ಕೂ ಅವರೊಬ್ಬರೇ. ಬಾಸ್ಕೆಟ್‌ಬಾಲ್ ಅಂದರೆ ಜೀವ. ಶಾಲೆಗೆ ಇದ್ದಿದ್ದು ಒಂದೇ ಚೆಂಡು, ಅದೂ ಸವೆದು ನುಣ್ಣಗಾಗಿತ್ತು. ಜೂನ್ ಬಂತೆಂದರೆ ಅಂಗಳದ ತುಂಬ ಕೆಂಪು ನೀರು. ಆಗ ಜಗುಲಿಯೇ ನಮ್ಮ ಕೋರ್ಟ್. ಮಾಸ್ತರು ತಮ್ಮ ಚಪ್ಪಲಿ ಕಳಚಿ ನೆಲದ ಮೇಲಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಮೊದಲು ಬಲಗಾಲು, ಮುಂದೆ ಎಡಗಾಲು. ಚೆಂಡಿಲ್ಲದೆ ಬರೀ ಹೆಜ್ಜೆ, ಇಡೀ ಮಳೆಗಾಲ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಅವರ ಕೂಗು ಕೇಳುತ್ತಿರಲಿಲ್ಲ. ಚಪ್ಪಾಳೆ ತಟ್ಟಿ ತಾಳ ಹಾಕುತ್ತಿದ್ದರು.

ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ತನಕ ಬಂದು, ಒಳಗೆ ನೋಡಿ, ಏನೂ ಹೇಳದೆ ವಾಪಸ್ ಹೋಗುತ್ತಿದ್ದರು. ನಮ್ಮ ಮನೆಯವರಿಗೂ ಅದೇ ಸರಿ ಅನಿಸಿತ್ತು, ನನಗೂ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾವಿರುವ ವೂಸ್ಟರ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಸುಮಾರು ಒಂದು ಗಂಟೆ ದಾರಿ. 1891ರ ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಜೇಮ್ಸ್ ನೈಸ್ಮಿತ್ ಹತ್ತಡಿ ಎತ್ತರಕ್ಕೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಹುಟ್ಟಿಸಿದ್ದು ಅಲ್ಲೇ. ಅವರೂ ಪಿ.ಟಿ. ಮಾಸ್ತರೇ ಅಲ್ವಾ? ಅಲ್ಲಿ ಹಿಮ, ನಮ್ಮಲ್ಲಿ ಮಳೆ. ಮಗನಿಗೆ ಇದನ್ನೇ ಹೇಳಿದೆ. "ಇದ್ರು ಕಣೋ, ನಿಜವಾದ ಕೋಚೇ ಇದ್ರು."

ಆ ರಾತ್ರಿ, ಊರಲ್ಲಿ ಬೆಳಗಾದ ಹೊತ್ತಿಗೆ, ಮಾಸ್ತರಿಗೆ ಫೋನ್ ಮಾಡಿದೆ. ಎಷ್ಟೋ ವರ್ಷ ಆಗಿತ್ತು. ಕಿವಿ ಸ್ವಲ್ಪ ಮಂದವಾಗಿದೆ. ಹೆಸರು ಎರಡು ಸಲ ಹೇಳಬೇಕಾಯಿತು. ಮಗ ಆಡುತ್ತಾನೆ ಅಂದಕೂಡಲೇ ದನಿ ಬದಲಾಯಿತು.

"ಎಡಗೈಯಲ್ಲಿ ಹಾಕ್ತಾನಾ?"

"ಇಲ್ಲ ಸರ್, ಬಲಗೈ ಮಾತ್ರ."

"ಹಾಗಾದ್ರೆ ಅರ್ಧವೇ ಕಲಿಸಿದ್ದೀಯ ತಮ್ಮಾ. ಸೀಮೆಸುಣ್ಣ ಸಿಗ್ತದಾ ಅಲ್ಲಿ?"

ಭಾನುವಾರ ಬೆಳಿಗ್ಗೆ ಮನೆ ಮುಂದೆ ನನ್ನ ಶೂ ಕಳಚಿಟ್ಟು ಸುತ್ತ ಗೆರೆ ಎಳೆದೆ. ಈ ಸಲ ಮೊದಲು ಎಡಗಾಲು.