ಹೌದು, ಡಾರ್ವಿನ್ ವಂಶದವರೇ. ಆಮೇಲೆ?

ಬ್ರಿಟಿಷ್ ಕವಿ, ವಿಮರ್ಶಕಿ ರುತ್ ಪಡೆಲ್ ಹೆಸರೆತ್ತಿದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. "ಡಾರ್ವಿನ್ ಮೊಮ್ಮಗಳಂತೆ, ಹೌದಾ?"

ಮೊಮ್ಮಗಳಲ್ಲ. ಚಾರ್ಲ್ಸ್ ಡಾರ್ವಿನ್ ಮಗ ಹೊರೇಸ್, ಹೊರೇಸ್ ಮಗಳು ನೋರಾ, ನೋರಾ ಮಗಳು ಹಿಲ್ಡಾ, ಹಿಲ್ಡಾ ಮಗಳು ರುತ್. ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲೇ ಬರೆದಿಟ್ಟಿದ್ದೇನೆ.

ಒಂದು ಮದುವೆ ಊಟದಲ್ಲಿ ದೊಡ್ಡಪ್ಪನೂ ಇದನ್ನೇ ಕೇಳಿದರು. ಸಾರನ್ನ ಕಲಸಿದ ಕೈಯಲ್ಲೇ ಬೆರಳು ಮಡಚಿ ತಲೆಮಾರು ಎಣಿಸಿ ತೋರಿಸಿದೆ. "ಅದಕ್ಕೇ ನೋಡು, ರಕ್ತದಲ್ಲೇ ಬಂದಿದೆ" ಅಂದರು. ನನಗೆ ಸಿಟ್ಟು ಬಂತು. ಡಾರ್ವಿನ್ನರ ಅಜ್ಜ ಎರಾಸ್ಮಸ್ ಪದ್ಯ ಬರೆದವರೇ, ಗೊತ್ತು. ಹಾಗಂತ ಆ ಮನೆತನದವರೆಲ್ಲ ಕವಿಗಳಾದರಾ? ಈಕೆ ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಕಲಿತರು, ಗ್ರೀಕ್ ಪಾಠ ಹೇಳಿದರು, ಆಮೇಲೆ ಬರವಣಿಗೆಗೇ ಇಳಿದರು. ಹುಲಿಗಳಿಗಾಗಿ ಏಷ್ಯಾದ ಕಾಡು ಸುತ್ತಿ 2005ರಲ್ಲಿ ಪುಸ್ತಕ ತಂದರು. ಆ ದುಡಿಮೆಯನ್ನೆಲ್ಲ ರಕ್ತದ ಲೆಕ್ಕಕ್ಕೆ ಬರೆದುಬಿಟ್ಟರೆ ಹೇಗೆ?

ವಂಶದ ಮಾತು ಬೇಕೇ ಬೇಕು ಅಂದರೆ, 1851ರ ಬಗ್ಗೆ ಕೇಳಿ. 2009ರಲ್ಲಿ, ಡಾರ್ವಿನ್ ಹುಟ್ಟಿ 200 ವರ್ಷವಾದಾಗ, ಡಾರ್ವಿನ್ನರ ಬದುಕನ್ನು ರುತ್ ಪದ್ಯಗಳಲ್ಲಿ ಹೇಳಿದರು. ಡಾರ್ವಿನ್ ಕಾಗದಗಳ ಮಾತು ಪದ್ಯದೊಳಗೇ ಬರುತ್ತದೆ, ಅಂಚಿನಲ್ಲಿ ಸಣ್ಣ ಟಿಪ್ಪಣಿ. ಆ ಬದುಕಿನಲ್ಲಿ ನಾನು ಮತ್ತೆ ಮತ್ತೆ ನಿಲ್ಲುವುದು 1851ರಲ್ಲಿ, ಇಂಗ್ಲೆಂಡಿನ ಮಾಲ್ವರ್ನ್ ಊರಿನಲ್ಲಿ. ಹತ್ತು ವರ್ಷದ ಮಗಳು ಆನಿ ಸಾಯುತ್ತಿದ್ದಾಳೆ. ಅಪ್ಪ ಪಕ್ಕದಲ್ಲಿದ್ದಾರೆ. ಅಮ್ಮ ಎಮ್ಮಾ ತುಂಬು ಬಸುರಿ, ಮನೆ ಬಿಟ್ಟು ಹೊರಡುವ ಹಾಗಿಲ್ಲ. ಅವರಿಗೆ ಸುದ್ದಿ ಕಾಗದದಲ್ಲೇ ಹೋಗಬೇಕು. ಏಪ್ರಿಲ್‌ನಲ್ಲಿ ಆನಿ ತೀರಿಕೊಂಡಳು. ಮೇ ತಿಂಗಳಲ್ಲಿ ಮಗು ಹುಟ್ಟಿತು. ಆ ಮಗುವೇ ಹೊರೇಸ್, ರುತ್ ಅವರ ಮುತ್ತಜ್ಜ. ಇದು ತಿಳಿದ ದಿನ ಪುಸ್ತಕ ಮುಚ್ಚಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ರುತ್ ಅವರಿಂದ ನೀನೇನು ಕಲಿತೆ? ಪದ್ಯ ಕೇಳಿಸಿಕೊಳ್ಳುವುದನ್ನು ಕಲಿತೆ. ಲಂಡನ್ನಿನ ಭಾನುವಾರದ ಪತ್ರಿಕೆಯೊಂದರಲ್ಲಿ ಅವರು ಒಂದೊಂದು ಪದ್ಯ ಎತ್ತಿಕೊಂಡು ಬಿಡಿಸಿ ಬರೆಯುತ್ತಿದ್ದರು. ಅದರಿಂದ 2002ರಲ್ಲಿ 52 ಪದ್ಯಗಳ ಪುಸ್ತಕ ಬಂತು. ಸಾರಾಂಶಕ್ಕೇ ಅವರು ನಿಲ್ಲುವುದಿಲ್ಲ. ಯಾವ ಸ್ವರ ಎಲ್ಲಿ ಮರಳಿ ಬಂತು, ಸಾಲು ಯಾಕೆ ಅಲ್ಲೇ ಮುರಿಯಿತು ಅಂತ ತೋರಿಸುತ್ತಾರೆ. ಶಾಲೆಯಲ್ಲಿ ನನಗೆ ಸಾರಾಂಶ ಬರೆಯುವುದನ್ನಷ್ಟೇ ಕಲಿಸಿದ್ದರು. ಈಗ ಪೆನ್ಸಿಲ್ ಹಿಡಿದು, ಗಟ್ಟಿಯಾಗಿ ಓದುತ್ತಾ, ದೀರ್ಘ ಸ್ವರಗಳ ಕೆಳಗೆ ಗೆರೆ ಎಳೆಯುತ್ತೇನೆ.

ಮೊನ್ನೆ ದೊಡ್ಡಪ್ಪ ತಮಗೆ ಬಾಯಿಪಾಠ ಬರುವ ಷಟ್ಪದಿಯೊಂದನ್ನು ಹೇಳಿದರು. ನಾನು ಬರೆದುಕೊಂಡು ಹಾಗೇ ಗೆರೆ ಎಳೆದೆ. ಎರಡನೇ ಅಕ್ಷರದ ಪ್ರಾಸ ಅವರಿಗೆ ಗೊತ್ತೇ ಇತ್ತು. ಕೊನೆಯ ಸಾಲಿನಲ್ಲಿ ದೀರ್ಘಗಳು ಒಂದರ ಹಿಂದೊಂದು ಬಂದು ಓಟ ನಿಧಾನವಾಗುವುದು ಇಬ್ಬರಿಗೂ ಹೊಸದು. ಅವರು ಕನ್ನಡಕ ಹಾಕಿಕೊಂಡು ಗೆರೆಗಳನ್ನೇ ನೋಡಿದರು. "ಇರು, ಇನ್ನೊಂದು ಸಲ ಹೇಳ್ತೀನಿ" ಅಂದರು.